ಎಲ್ಲದರ ಮೇಲೂ ಅವರ ಹೆಸರು

ಬದನಗುಪ್ಪೆಯ ಕಾರ್ಖಾನೆಯಲ್ಲಿ ನಮಗೆ ಮ್ಯಾನೇಜರ್ ಆಗಿದ್ದವರು ಬೇಗೂರಿನ ಕಡೆಯವರು. ಕುರ್ಚಿಯ ಬೆನ್ನು, ಫ್ಯಾನಿನ ರೆಕ್ಕೆ, ಕಡೆಗೆ ನೀರಿನ ಲೋಟದ ಮೇಲೂ ತಮ್ಮ ಹೆಸರು ಬರೆಸಿದ್ದರು. "ಎಸ್ರಿಲ್ದಿದ್ರೆ ನಾಳಿಕೆ ಇರಾಕಿಲ್ಲ ಕಣ್ಲಾ" ಎನ್ನುವುದು ಅವರ ಮಾತು. ಆಫೀಸಿಗೆ ಕಂಪ್ಯೂಟರ್‌ಗಳು ಬಂದಾಗ ಅವುಗಳ ಒಳಗೂ ತಮ್ಮ ಹೆಸರನ್ನೇ ಹಾಕಿಸಿದರು.

ಒಮ್ಮೆ ಅವರ ಮೇಲೆ ಸಹಿಯಿಲ್ಲದ ದೂರೊಂದು ಗುರುತಿಲ್ಲದ ಇಮೇಲಿನಲ್ಲಿ ವರ್ಡ್ ಫೈಲಾಗಿ ಹೆಡ್ ಆಫೀಸಿಗೆ ಹೋಯಿತು. ಅಲ್ಲಿಂದ ಆ ಫೈಲ್ ಹಾಗೇ ಅವರ ಕೈಗೆ ಬಂತು. ಬರೆದವರ ಕೆಲಸ ಹೋಗುವುದು ಖಂಡಿತವಾಗಿತ್ತು. ಗುಂಡ್ಲುಪೇಟೆಯಿಂದ ಕಂಪ್ಯೂಟರ್ ರಿಪೇರಿಯವನನ್ನು ಕರೆಸಿ, ಆಫೀಸಿನ ನಮ್ಮ ನಾಲ್ವರನ್ನೂ ಎದುರಿಗೆ ನಿಲ್ಲಿಸಿಕೊಂಡರು.

"ಬರ್ದೋರ ಎಸ್ರು ಫೈಲ್ ಒಳ್ಗೇ ಇರ್ತದೆ ಸಾ" ಎಂದ ರಿಪೇರಿಯವನು ಅಲ್ಲಿ ಇಲ್ಲಿ ಒತ್ತಿ ನೋಡಿದ.

"ಯಾರ್ಲಾ?"

"ನಿಮ್ದೇ ಅದೆ ಸಾ. ಈ ಆಫೀಸ್ನಲ್ಲಿ ಯಾರ್ ಟೈಪ್ ಮಾಡುದ್ರೂ ನಿಮ್ಮೆಸ್ರೇ ಬರೋದು."

ಅವರು ಕನ್ನಡಕ ಒರೆಸಿಕೊಂಡು ಪರದೆಯ ಮೇಲಿನ ತಮ್ಮ ಹೆಸರನ್ನು ಬಹಳ ಹೊತ್ತು ನೋಡಿದರು.

"ಅಳಿಸ್ಬುಡು ಅದ."

"ಇನ್ಯಾರೆಸ್ರು ಆಕ್ಲಿ ಸಾ?"

ಅವರು ನಮ್ಮ ಕಡೆ ತಿರುಗಿದರು. ನಾಲ್ವರಲ್ಲಿ ಒಬ್ಬರೂ ಹೆಸರು ಹೇಳಲಿಲ್ಲ.