ಕೌದಿಯ ಮೇಲೆ ಆಡಿದ ಮಾತು

ಹೋದ ಭಾನುವಾರ ಮಗಳು ನನ್ನ ಹಳೇ ಸೀರೆಗಳನ್ನು ಚೀಲಕ್ಕೆ ತುಂಬಿ ಗರಾಜಿನಲ್ಲಿಟ್ಟಿದ್ದಳು, ಯಾರಿಗೋ ಕೊಡಲಿಕ್ಕೆ. ಚೀಲದ ಬಾಯಿ ಬಿಚ್ಚಿದೆ ನೋಡಿ, ನುಸಿಗುಳಿಗೆಯ ವಾಸನೆ ಬಂತು. ಅದರ ಹಿಂದೆಯೇ ಗದಗಿನ ನಮ್ಮ ಓಣಿಯ ಮಧ್ಯಾಹ್ನವೂ ಬಂದು ಅಮೆರಿಕದ ಸ್ಯಾನ್ ರಮೋನಿನಲ್ಲಿರುವ ಮಗಳ ಮನೆಯ ಗರಾಜಿನಲ್ಲಿ ಕೂತಿತು.

ನಿಮಗೆ ಕೌದಿ ಗೊತ್ತಲ್ಲ? ಹಳೇ ಸೀರೆ ಒಂದರ ಮೇಲೊಂದು ಹಾಸಿ, ಚಿಂದಿ ಹಚ್ಚಿ, ಅಂಚಿನಿಂದ ನಡುವಿಗೆ ಹೊಲಿಯುತ್ತ ಬರೋದು. ಒಬ್ಬಳ ಕೈಯಿಂದ ಆಗುವಂಥದ್ದಲ್ಲ. ಉಂಡಾದ ಮೇಲೆ ಐದಾರು ಹೆಂಗಸರು ನಮ್ಮ ಪಡಸಾಲೆಯಲ್ಲಿ ಸುತ್ತ ಕೂಡುತ್ತಿದ್ದೆವು. ಬೆಳಕಿಂಡಿಯ ಬಿಸಿಲು ಮೆಲ್ಲಗೆ ಕೌದಿಯ ಮೇಲೆ ಸರಿಯೋದು, ಅದನ್ನೂ ಸೇರಿಸಿ ಹೊಲಿಯುತ್ತಿದ್ದೇವೆ ಅನಿಸೋದು. ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳ ಬಾಯಲ್ಲಿ ಇಂಥ ಮಾತು ಒಪ್ಪೋದಿಲ್ಲ, ಆದರೂ ಹಾಗೇ ಅನಿಸೋದು.

ಅಲ್ಲೊಂದು ಪದ್ಧತಿ ಇತ್ತು. ಮಾತಾಡುವವಳ ಮುಖ ಯಾರೂ ನೋಡುವಂತಿಲ್ಲ, ಕಣ್ಣು ಸೂಜಿಯ ಮೇಲೇ ಇರಬೇಕು. ಕೌದಿಯ ಮೇಲೆ ಆಡಿದ್ದು ಹೊಸ್ತಿಲು ದಾಟುವಂತಿಲ್ಲ. ಅದಕ್ಕೇ ಗಂಡನ ಗೊರಕೆಯಿಂದ ಹಿಡಿದು ಅತ್ತೆಯ ಕಾಟದ ತನಕ ಎಲ್ಲ ಅಲ್ಲಿ ಹೊರಬೀಳೋದು.

"ನಿನ್ನ ಹೊಲಿಗಿ ನೋಡ, ಎತ್ತು ಉಚ್ಚಿ ಹೊಯ್ದಂಗ ಐತಿ" ಎಂದು ಪಕ್ಕದ ಮನೆ ನೀಲವ್ವ ದಿನಾ ನನ್ನನ್ನು ಅಣಕಿಸುವವಳು. ಅದೇ ನೀಲವ್ವ ಒಂದು ದಿನ ತಲೆ ಎತ್ತದೆ, "ನಾಳೆ ಮುಂಜಾನಿ ತವರಮನಿಗೆ ಹೊಂಟೇನವ್ವಾ. ಮತ್ತ ಬರಂಗಿಲ್ಲ" ಅಂದಳು. ಯಾರ ಸೂಜಿಯೂ ನಿಲ್ಲಲಿಲ್ಲ.

ಸಂಜೆ ನಲ್ಲಿಯ ಹತ್ತಿರ ಅವಳತ್ತೆ ಸಿಕ್ಕಿ, "ನಮ್ಮಾಕಿ ಏನಂತಾಳ?" ಎಂದು ಕೇಳಿದಳು. ನನಗೆ ಎಲ್ಲಾ ಗೊತ್ತು ಅಂತ ತೋರಿಸಿಕೊಳ್ಳೋ ಚಟ. ಹೇಳಿಬಿಟ್ಟೆ. ಬೆಳಿಗ್ಗೆ ಆ ಮನೆಗೆ ಹೊರಗಿನಿಂದ ಚಿಲಕ ಬಿದ್ದಿತ್ತು. ನೀಲವ್ವ ಹೋಗಲಿಲ್ಲ, ಅದೇ ಮನೆಯಲ್ಲಿ ಮುದುಕಿಯಾದಳು. ಕೌದಿಗೆ ಬರೋದನ್ನೂ ಬಿಡಲಿಲ್ಲ. ಆದರೆ ನನ್ನ ಹೊಲಿಗೆ ಎಷ್ಟೇ ಸೊಟ್ಟಾದರೂ ಮತ್ತೆಂದೂ ಒಂದು ಮಾತು ಅನ್ನಲಿಲ್ಲ.

ಗರಾಜಿನಿಂದ ಆ ಚೀಲ ಒಳಗೆ ತಂದು ಸೀರೆಗಳನ್ನು ಹಾಸಿದೆ. ಕಾಲೇಜಿಗೆ ಹೊರಟಿರುವ ಮೊಮ್ಮಗಳಿಗೆ ಒಂದು ಕೌದಿಯಾಗಲಿ ಅಂತ. ಅವಳೂ ಸೂಜಿ ಹಿಡಿದು ಎದುರಿಗೆ ಕೂತಳು. ಪದ್ಧತಿ ಹೇಳಿಕೊಟ್ಟೆ. ಮೂರನೇ ದಿನ ತಲೆ ಬಗ್ಗಿಸಿಕೊಂಡೇ, "ಅಜ್ಜಿ, ಐ ಡೋಂಟ್ ವಾಂಟ್ ಟು ಬಿ ಎ ಡಾಕ್ಟರ್. ಅಮ್ಮಂಗೆ ಗೊತ್ತಿಲ್ಲ" ಅಂದಳು. ಅವಳಮ್ಮ ತಾನೂ ಡಾಕ್ಟರು, ಮಗಳೂ ಡಾಕ್ಟರಾಗ್ತಾಳೆ ಅಂತ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದವಳು.

"ದಾರ ಬಿಗಿ ಜಗ್ಗಬ್ಯಾಡ" ಅಂದೆ, ಅಷ್ಟೇ.

ಸಂಜೆ ಮಗಳು ಬೀನ್ಸ್ ಹೆಚ್ಚುತ್ತ, "ಅವ್ವಾ, ಅಕಿ ನಿನ್ನ ಮುಂದ ಏನೇನ್ ಹೇಳ್ತಾಳ?" ಅಂದಳು.

"ಅಕೀನ್ನ ಕೇಳು."

"ನಾ ಅಕಿ ತಾಯಿ!"

"ನಾ ನಿನ್ನ ತಾಯಿ. ಅಕೀನ್ನ ಕೇಳು."

ಮಗಳು ಎರಡು ದಿನ ನನಗೆ ಚಹಾ ಕೊಡಲಿಲ್ಲ. ನಾನೇ ಮಾಡಿಕೊಂಡು ಕುಡಿದೆ, ಸಕ್ಕರೆ ಜಾಸ್ತಿ ಹಾಕಿ.

ಇವತ್ತು ಮಧ್ಯಾಹ್ನ ಅಡುಗೆಮನೆಯಲ್ಲಿ ಮೊಮ್ಮಗಳ ದನಿ: "ಅಮ್ಮಾ, ಒಂದು ನಿಮಿಷ ಕೂತ್ಕೋ." ಕುರ್ಚಿ ಎಳೆದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಕುರ್ಚಿಯದು. ಕೇಳಬೇಕು ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಎದ್ದು ಹೋಗಿ ನನ್ನ ಕೋಣೆಯ ಬಾಗಿಲು ಹಾಕಿಕೊಂಡೆ.