ಕೋಚ್ ಪರವಾಗಿ ನಾನು ಮಾಡಿದ ಚೌಕಾಸಿ

ಫುಟ್‌ಬಾಲ್ ತರಗತಿಯ ಫಲಕದಲ್ಲಿ ಬರೆದಿದ್ದದ್ದು ತಿಂಗಳಿಗೆ ಆರು ಸಾವಿರ ಯೆನ್. ನಾನು ಕೊಟ್ಟದ್ದು ನಾಲ್ಕು. ಕಾರಣ, ಕೋಚ್ ಅವರ ಎಡಮೊಣಕಾಲು. ಗೋಣಿಚೀಲದ ಬಾಯಿಗೆ ಅವಸರದಲ್ಲಿ ಹೊಲಿಗೆ ಹಾಕಿದಂತೆ ಅದರ ಮೇಲೆ ಅಡ್ಡಾದಿಡ್ಡಿ ಗಾಯದ ಗುರುತು. ನಡೆದರೆ ಲಟಕ್ ಲಟಕ್ ಎನ್ನುತ್ತಿತ್ತು.

"ರಿಪೇರಿ ಆಗಿರೋ ಕಾಲು, ಹೊಸದರ ರೇಟ್ ಹೇಳ್ತೀರಲ್ಲ?" ಎಂದು ನನ್ನ ಮುರುಕು ಜಪಾನಿಯಲ್ಲಿ ಕೇಳಿದೆ.

ಫುಟ್‌ಬಾಲ್ ಕಲಿಯಲು ಹಟ ಹಿಡಿದು ನನ್ನನ್ನು ಅಲ್ಲಿಗೆ ಎಳೆದು ತಂದಿದ್ದ ಮಗಳು ಮುಖ ಮುಚ್ಚಿಕೊಂಡು, "ಅಮ್ಮಾ, ಪ್ಲೀಸ್, ಸ್ಟಾಪ್ ಇಟ್" ಎಂದಳು. ಕೋಚ್ ತಮ್ಮ ಮೊಣಕಾಲನ್ನು ಒಮ್ಮೆ ನೋಡಿಕೊಂಡು, "ನ್ಯಾಯವಾದ ಮಾತು" ಎಂದರು. ಅಷ್ಟು ಬೇಗ ಒಪ್ಪಿದ್ದು ಕಂಡು, ಮೂರಕ್ಕೆ ಕೇಳಬೇಕಿತ್ತಲ್ಲ ಎಂದು ಮನೆ ಮುಟ್ಟುವವರೆಗೂ ಹೊಟ್ಟೆ ಉರಿಯಿತು.

ಜಪಾನಿನಲ್ಲಿ ಆ ದೊಡ್ಡ ಭೂಕಂಪ, ಸುನಾಮಿ ಆಗಿ ಆಗ ಎರಡು ವರ್ಷ. ನಾವಿದ್ದದ್ದು ಗ್ಯೋಟೋಕುವಿನಲ್ಲಿ. ಗಂಡನಿಗೆ ಸಾಫ್ಟ್‌ವೇರ್, ನನಗೆ ಇಡ್ಲಿ ಹಿಟ್ಟು. ಶ್ರೀರಾಂಪುರದಿಂದ ಸೂಟ್‌ಕೇಸಿನಲ್ಲಿ ಹೊತ್ತು ತಂದ ಒಂದೇ ಗ್ರೈಂಡರಿನಿಂದ ಶುರುಮಾಡಿ ಹತ್ತಿರದ ಫುನಾಬೊರಿಯ ಭಾರತೀಯರ ಮನೆಮನೆಗೂ ಹಿಟ್ಟು ಕಳಿಸುವಷ್ಟಾಗಿದ್ದೆ. ಕೋಚ್ ನದಿ ದಂಡೆಯ ಮೈದಾನದಲ್ಲಿ ಮಕ್ಕಳಿಗೆ ಆಟ ಕಲಿಸುತ್ತಿದ್ದರು. ಭೂಕಂಪದಲ್ಲಿ ಆ ನೆಲ ಮರಳು ಕಾರಿ ಅಲ್ಲಲ್ಲಿ ಕುಸಿದಿತ್ತು. ದಿನವೂ ಮಕ್ಕಳು ಬರುವ ಮುಂಚೆ ಅವರು ಮೈದಾನವನ್ನೆಲ್ಲ ಹೆಜ್ಜೆಯಿಂದ ಒತ್ತಿ ಒತ್ತಿ ನೋಡಿ, ಸಿಕ್ಕ ಹಳ್ಳ ಮುಚ್ಚುತ್ತಿದ್ದರು. ಆಮೇಲೆ ಸೋರೆಬುರುಡೆಯಂಥ ಬಟ್ಟಲಿಗೆ ಎಂಥದೋ ಸೊಪ್ಪು ತುಂಬಿ, ಬಿಸಿನೀರು ಸುರಿದು, ಕಬ್ಬಿಣದ ಕೊಳವೆಯಲ್ಲಿ ಹೀರುತ್ತಾ ಕೂರುವರು. ಜಪಾನಿ ತಾಯಂದಿರು ದೂರದಿಂದಲೇ ಅನುಮಾನಪಡುತ್ತಿದ್ದರು. ನಾನು ನೇರ ಹೋಗಿ ಕೇಳಿದೆ. ಅವರೂರು ಉರುಗ್ವೆಯ ಚಹಾ ಅಂತೆ.

ಅವರು ಮಿಡ್‌ಫೀಲ್ಡರ್ ಆಗಿದ್ದವರು. ಹದಿನಾರು ವರ್ಷದ ಆಟ, ನಾಲ್ಕು ದೇಶ, ಹನ್ನೊಂದು ಕ್ಲಬ್, ಏಳು ಗೋಲು.

"ಏಳೇ?" ಎಂದೆ.

"ಒಕಾಸಾನ್, ಗೋಲು ಹೊಡೆದವನಿಗೆ ಚೆಂಡು ಆಕಾಶದಿಂದ ಬಿತ್ತಾ?"

ಮಕ್ಕಳ ತಾಯಂದಿರೆಲ್ಲ ಅವರಿಗೆ ಒಕಾಸಾನ್, ಅಂದರೆ ಅಮ್ಮನವರು. ಅವರ ಜಪಾನಿಯೂ ನನ್ನದರಷ್ಟೇ ಮುರುಕಾದ್ದರಿಂದ ನಮ್ಮಿಬ್ಬರಿಗೆ ಮಾತು ಚೆನ್ನಾಗಿ ಕೂಡುತ್ತಿತ್ತು. ಅವರು ಜಪಾನಿನ ಉತ್ತರದ ಒಂದು ಸಣ್ಣ ಕ್ಲಬ್‌ಗೆ ಆಡುತ್ತಿದ್ದಾಗಲೇ ಭೂಕಂಪವಾಯಿತು. ಜೊತೆಯ ವಿದೇಶಿ ಆಟಗಾರರು ವಿಮಾನ ಹತ್ತಿದರು, ಇವರು ಕೆಸರು ಬಾಚುತ್ತ ಉಳಿದರು. ಮರುವರ್ಷ ಕ್ಲಬ್ಬೇ ಇವರನ್ನು ಬಿಟ್ಟಿತು. ಸಂಬಳದ ಕಾಗದಕ್ಕೆ ಯಾವತ್ತೂ ಓದದೆ ಸಹಿ ಹಾಕಿದವರಂತೆ!

ಅಷ್ಟರಲ್ಲಿ ಕಾವಾಸಾಕಿಯ ಕ್ಲಬ್ಬೊಂದು ಮಕ್ಕಳ ಶಾಲೆಗೆ ಮುಖ್ಯ ಕೋಚ್ ಆಗಲು ಇವರನ್ನು ಕರೆಯಿತು. ತಿಂಗಳ ಕೊನೆಗೆ ಅವರ ವೀಸಾ ಮುಗಿಯುವುದರಲ್ಲಿತ್ತು. ಈ ಕೆಲಸ ಸಿಕ್ಕರೆ ಜಪಾನು, ಇಲ್ಲವಾದರೆ ವಿಮಾನ. "ನಾನೂ ಬರ್ತೀನಿ, ಮಾತು ನನಗೆ ಬಿಡಿ" ಎಂದೆ.

"ಪಾಪ ಕಣೇ ಆ ಮನುಷ್ಯ, ಬಿಟ್ಬಿಡು" ಎಂದರು ನನ್ನ ಗಂಡ. ನಾನು ಕೇಳಲಿಲ್ಲ.

ಐದನೇ ಮಹಡಿಯ ಆಫೀಸು. ಮ್ಯಾನೇಜರ್‌ಸಾನ್ ಒಂದು ಹಾಳೆ ಮುಂದಿಟ್ಟರು. ಒಂದು ವರ್ಷದ ಕರಾರು, ಸಂಬಳ ಇಷ್ಟು. ನಾನು ಅದರ ಎರಡರಷ್ಟು ಹೇಳಿದೆ. ಅವರು ಹಲ್ಲಿನ ಸಂದಿಯಿಂದ ಸೂ... ಎಂದು ಉಸಿರೆಳೆದು ತಲೆ ವಾರೆ ಮಾಡಿದರು. ಕೆ.ಆರ್. ಮಾರ್ಕೆಟ್ಟಿನಲ್ಲಿ ಹಾಗೆ ಮಾಡಿದವನು ಇನ್ನೆರಡು ಮಾತಿಗೆ ಇಳಿಯುತ್ತಾನೆ. ಕೋಚ್ ಏನೋ ಹೇಳಲು ಬಾಯಿ ತೆರೆದರು. ಮೇಜಿನ ಕೆಳಗೆ ಅವರ ಕಾಲು ತುಳಿದೆ. ಕೊನೆಗೆ ನನ್ನ ಹಳೆಯ ಅಸ್ತ್ರ ತೆಗೆದೆ. ಎದ್ದು, ಚೀಲ ಹೆಗಲಿಗೇರಿಸಿ, "ನಡೀರಿ ಕೋಚ್" ಎಂದು ಹೊರಟೆ.

ಯಾರೂ ಹಿಂದಿನಿಂದ ಕರೆಯಲಿಲ್ಲ. ಮ್ಯಾನೇಜರ್‌ಸಾನ್ ಲಿಫ್ಟಿನವರೆಗೂ ಬಂದರು. ಬಾಗಿ ನಮಸ್ಕರಿಸಿದರು. ಲಿಫ್ಟಿನ ಬಾಗಿಲು ಮುಚ್ಚುವವರೆಗೂ ಬಾಗಿಯೇ ಇದ್ದರು.

ಕೆಳಗೆ ಕೊಂಬಿನಿ, ಅಂದರೆ ಹಗಲೂ ರಾತ್ರಿ ತೆರೆದಿರುವ ಅಂಗಡಿಯ ಮುಂದೆ ನಿಂತೆವು.

"ಯಾರಿಗೆ ಕಾಯ್ತಿದ್ದೀವಿ?" ಎಂದರು ಕೋಚ್.

"ಮ್ಯಾನೇಜರ್ ಓಡಿ ಬರ್ತಾರೆ, ನೋಡ್ತಿರಿ."

"ಯಾಕೆ?"

ನಾನು ಐದನೇ ಮಹಡಿಯ ಕಿಟಕಿ ನೋಡುತ್ತ ನಿಂತೆ. ಕೋಚ್ ಅಂಗಡಿಯೊಳಗೆ ಹೋಗಿ ಎರಡು ಅನ್ನದ ಉಂಡೆ ತಂದು, ನನಗೊಂದು ಕೊಟ್ಟು, ಕಟ್ಟೆಯ ಮೇಲೆ ಕುಳಿತರು.

"ಒಕಾಸಾನ್, ಸಂಬಳ ಸಾಕಿತ್ತು. ಒಂದು ವರ್ಷ ಸಾಲದು ಅಂತ ಹೇಳೋಕೆ ಬಂದಿದ್ದೆ. ನನ್ನ ಮಗಳಿಗೆ ಇದು ಆರನೇ ಸ್ಕೂಲು. ಈಗ ಅವಳು ಹೊಸ ಕ್ಲಾಸಲ್ಲಿ ಯಾರ ಹೆಸರೂ ಕೇಳಲ್ಲ. ಹೇಗೂ ಮರೀಬೇಕಲ್ಲ ಅಂತಾಳೆ."

ಕೈಯಲ್ಲಿದ್ದ ಅನ್ನದ ಉಂಡೆಯನ್ನು ಚೀಲಕ್ಕೆ ಹಾಕಿದೆ. ಹನ್ನೊಂದು ಕ್ಲಬ್ ಎಂದು ಅವರು ಹೇಳಿದಾಗ ನಾನು ಗೋಲು ಎಣಿಸಿದ್ದೆ, ಮನೆ ಎಣಿಸಿರಲಿಲ್ಲ. ಬಿಟ್ಟು ಬಂದ ಅಂಗಡಿಗೆ ನಾನಾಗಿ ತಿರುಗಿ ಹೋದವಳಲ್ಲ ನಾನು. ಅವತ್ತು ಕೋಚ್ ಅವರನ್ನು ಕರೆದುಕೊಂಡು ಮತ್ತೆ ಮೇಲೆ ಹೋದೆ. ಬಾಗಿಲಿನಿಂದ ಮೇಜಿನವರೆಗೆ ಎಷ್ಟು ಸಲ ಸುಮಿಮಾಸೆನ್, ಕ್ಷಮಿಸಿ, ಎಂದೆನೋ. "ತಪ್ಪು ನನ್ನದು, ಇವರದ್ದಲ್ಲ. ನೀವು ಹೇಳಿದ ಸಂಬಳವೇ ಇರಲಿ. ಮೂರು ವರ್ಷ ಕೊಡಿ, ಇವರ ಮಗಳು ಒಂದೇ ಸ್ಕೂಲಲ್ಲಿ ಓದಲಿ" ಎಂದೆ.

ಮ್ಯಾನೇಜರ್‌ಸಾನ್ ನನ್ನನ್ನು ನೋಡಲಿಲ್ಲ, ಕೋಚ್ ಕಡೆ ತಿರುಗಿ, "ಇದನ್ನೇ ಮೊದಲು ಹೇಳಬಹುದಿತ್ತಲ್ಲ?" ಎಂದರು. ಕೋಚ್ ನನ್ನ ಕಡೆ ನೋಡಿ, "ಕಾಲು ತುಳಿದರು" ಎಂದರು. ಮ್ಯಾನೇಜರ್‌ಸಾನ್ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ವಾರದ ನಂತರ ಕಾಗದ ಬಂತು: ಎರಡು ವರ್ಷ. ನಾಲ್ಕು ಕೇಳಿದ್ದರೆ ಮೂರು ಸಿಗುತ್ತಿತ್ತೋ ಏನೋ. ಕೋಚ್ ಮಾತ್ರ ನನ್ನ ಅಡುಗೆಮನೆಯಲ್ಲಿ ಕುಳಿತು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿಸಿಕೊಂಡರು. ಆಮೇಲೆ ಸಹಿ. ಎರಡಾದ ಮೇಲೆ ಮತ್ತೆರಡು, ಮತ್ತೆರಡು. ಅವರ ಮಗಳು ಕಾವಾಸಾಕಿಯಲ್ಲೇ ಹೈಸ್ಕೂಲು ಮುಗಿಸಿದಳು. ಅವರನ್ನು ಊರಿಗೆ ಕಳಿಸಲು ವಿಮಾನ ನಿಲ್ದಾಣಕ್ಕೆ ಹೋಗಿದ್ದಾಗ, ಅವಳನ್ನು ಬೀಳ್ಕೊಡಲು ಬಂದ ಗೆಳತಿಯರ ಗುಂಪಿನಲ್ಲಿ ನನಗೆ ನಿಲ್ಲಲು ಜಾಗವಿರಲಿಲ್ಲ. ನನ್ನ ವ್ಯಾಪಾರದ ಬುದ್ಧಿಗೆ ಒಂದು ಕಿವಿ ಅಂಟಿಸಿದವರು ಅವರು. ಆ ಋಣ ದೊಡ್ಡದು.

ಆದ್ದರಿಂದ ಓದುವವರೇ, ಇದನ್ನು ಬಿಟ್ಟಿಯಾಗಿ ಹೇಳುತ್ತಿದ್ದೇನೆ, ಇಟ್ಟುಕೊಳ್ಳಿ. ಬೇರೆಯವರ ಪರವಾಗಿ ಚೌಕಾಸಿಗೆ ಹೊರಡುವ ಮುಂಚೆ ಅವರನ್ನು ಕೂರಿಸಿ ಏನು ಬೇಕೆಂದು ಕೇಳಿ, ಅವರು ಹೇಳಿ ಮುಗಿಸುವವರೆಗೆ ನೀವು ಬಾಯಿ ಬಿಡಬೇಡಿ. ಜಪಾನಿನಲ್ಲಿ ಎದ್ದು ಹೋಗುವ ನಾಟಕ ಬೇಡ, ನಿಮ್ಮನ್ನು ಮರ್ಯಾದೆಯಾಗಿ ಹೋಗಲು ಬಿಡುತ್ತಾರೆ. ಅಕಸ್ಮಾತ್ ಎದ್ದು ಬಂದಿದ್ದರೆ, ಕೈಯಲ್ಲಿರುವ ಅನ್ನದ ಉಂಡೆಯನ್ನು ಚೀಲಕ್ಕೆ ಹಾಕಿ ಈಗಲೇ ತಿರುಗಿ ಮೇಲೆ ಹೋಗಿ. ತಿಂದು ಮುಗಿಸಿ ಹೋಗೋಣ ಅಂದುಕೊಂಡರೆ ಹೋಗುವುದಿಲ್ಲ.