ಬಿರುಕಿನ ತುದಿಗೊಂದು ತೂತು

ತುಮಕೂರಿನ ಸತ್ಯಮಂಗಲದಲ್ಲಿ ಮನ್ಸೂರ್ ಅಲಿಯ ವರ್ಕ್‌ಶಾಪ್ ಎಲ್ಲಿ ಎಂದು ಕೇಳಿದರೆ, ತೊಂಬತ್ತರ ದಶಕದಲ್ಲಿ ಯಾರೂ ಆ ಹೆಸರು ಹೇಳುತ್ತಿರಲಿಲ್ಲ. "ತೂತು ಸಾಬ್ರದಾ? ಅಗೋ, ಆ ತಗಡಿನ ಶೆಡ್ಡು" ಎನ್ನುತ್ತಿದ್ದರು. ಆತ ಅದಕ್ಕೆ ಬೇಜಾರು ಮಾಡಿಕೊಂಡದ್ದನ್ನು ಕಂಡವರಿಲ್ಲ. ಬಿರುಕು ಬಿಟ್ಟದ್ದು ಏನೇ ಬರಲಿ, ಪಂಪೋ, ಟ್ರ್ಯಾಕ್ಟರಿನ ಭಾಗವೋ, ಮೊದಲು ಆ ಬಿರುಕು ಎಲ್ಲಿ ಮುಗಿಯುತ್ತದೆಂದು ಹುಡುಕಿ, ಸರಿಯಾಗಿ ಅದರ ತುದಿಗೆ ದುಂಡನೆಯ ಒಂದು ತೂತು ಕೊರೆಯುವುದು. ಮಿಕ್ಕ ಕೆಲಸವೆಲ್ಲ ಆಮೇಲೆ.

ಒಡೆದದ್ದನ್ನು ಸರಿಮಾಡು ಅಂದರೆ ಇನ್ನೊಂದು ತೂತು ಮಾಡ್ತಾನಲ್ಲಪ್ಪಾ ಎಂದು ಹೊಸ ಗಿರಾಕಿಗಳು ಹೌಹಾರುತ್ತಿದ್ದರು. ಅವರಿಗೆ ಆತ ಪ್ಲಾಸ್ಟಿಕ್ ಕವರಿನಲ್ಲೇ ಉತ್ತರ ಕೊಡುತ್ತಿದ್ದ. ಅಂಚನ್ನು ಕೊಂಚ ಕತ್ತರಿಸಿ ಎಳೆದರೆ ಕವರು ಸರ್ರನೆ ಹರಿಯುತ್ತಿತ್ತು. ಇನ್ನೊಂದನ್ನು ಅಷ್ಟೇ ಕತ್ತರಿಸಿ, ಸೀಳಿನ ತುದಿಗೆ ಊದುಬತ್ತಿ ತಾಗಿಸಿ ದುಂಡಗೆ ಸುಟ್ಟು, "ಈಗ ಎಳೀರಿ ನೋಡಾಣ" ಎಂದು ಕೈಗೆ ಕೊಡುತ್ತಿದ್ದ. ಅದು ಅಷ್ಟು ಸುಲಭಕ್ಕೆ ಹರಿಯುತ್ತಿರಲಿಲ್ಲ.

"ತುದಿ ಚೂಪಾಗಿದ್ರೆ ಎಳೆತವೆಲ್ಲ ಬಂದು ಅಲ್ಲೇ ಕುಕ್ಕರಿಸ್ತದೆ. ದುಂಡಗೆ ಮಾಡಿದ್ರೆ ಸುತ್ತ ಹಂಚಿಕೊಂಡು ಹೋಗ್ತದೆ. ಅಷ್ಟೇ ಸ್ವಾಮಿ!"

ಮಗಳು ಆಸ್ಮಾ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದಳು. ಒಂದು ದಿನ ಕಾಲೇಜಿನಿಂದ ಬಂದವಳೇ ಅಪ್ಪನಿಗೆ, "ಅಬ್ಬಾ, ನಿಮ್ಮ ತೂತಿನ ವಿಷಯಾನೇ ಇವತ್ತು ಮೇಷ್ಟ್ರು ಎರಡು ಬೋರ್ಡ್ ತುಂಬ ಲೆಕ್ಕ ಹಾಕಿ ಹೇಳಿದ್ರು" ಎಂದಳು. ವಾರಪೂರ್ತಿ ಮನ್ಸೂರ್ ಅಲಿಯ ಕಾಲು ನೆಲದ ಮೇಲಿರಲಿಲ್ಲ.

ಆ ಜಂಬ ಇಳಿಯುವ ಕಾಲವೂ ಬಂತೆನ್ನಿ. ೧೯೯೮ರ ದಸರಾ ಕಳೆದ ಮೇಲೆ ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದಿಂದ ಪುಟ್ಟಗಂಗಮ್ಮ ಹುಡುಕಿಕೊಂಡು ಬಂದರು. ಗಂಡ ತೀರಿಹೋದ ಮೇಲೆ ಆರು ವರ್ಷದಿಂದ ಹಿಟ್ಟಿನ ಗಿರಣಿಯನ್ನು ಒಬ್ಬರೇ ನಡೆಸುತ್ತಿದ್ದ ಹೆಂಗಸು. ಗಿರಣಿಯ ಬೀಡುಕಬ್ಬಿಣದ ಕಾಲು ಬೋಲ್ಟಿನ ಬುಡದಿಂದ ಮೇಲಕ್ಕೆ ಬಿರುಕು ಬಿಟ್ಟಿತ್ತು. ಕುಣಿಗಲ್ಲಿನಲ್ಲಿದ್ದ ಅಣ್ಣ ಹೊನ್ನಯ್ಯ, ಅದನ್ನು ಗುಜರಿಗೆ ಹಾಕಿ ನಮ್ಮನೆಗೆ ಬಂದುಬಿಡು ಎಂದು ಹಟ ಹಿಡಿದಿದ್ದ. ಸೋಮವಾರಕ್ಕೆ ಗುಜರಿಯವನ ಗಾಡಿಯನ್ನೂ ಅವನೇ ಗೊತ್ತುಮಾಡಿದ್ದ.

"ಅಣ್ಣ ಕೂಳು ಹಾಕಲ್ಲ ಅಂತಲ್ಲ ಸಾಬ್ರೇ" ಎಂದರು ಪುಟ್ಟಗಂಗಮ್ಮ. "ಉಂಡಾದ ಮ್ಯಾಲೆ ಅಲ್ಲಿ ನಾನೇನ್ ಮಾಡ್ಲಿ? ಇಲ್ಲಿ ನನ್ ಕೈಯಾಗೆ ಊರೇ ಮುದ್ದೆ ಉಣ್ತದೆ."

ಮನ್ಸೂರ್ ಅಲಿ ಬುಧವಾರವೇ ಹೋದ. ಪ್ರತಿ ಆಯುಧಪೂಜೆಗೂ ಪುಟ್ಟಗಂಗಮ್ಮ ಗಿರಣಿಗೆ ಹಸಿರು ಬಣ್ಣ ಬಳಿಯುತ್ತಿದ್ದರು, ಹಳೆಯದರ ಮೇಲೆ ಹೊಸದು. ಆ ಬಣ್ಣದ ಮೇಲೆ ಬಿರುಕು ಗೀಟು ಎಳೆದ ಹಾಗೆ ಕಾಣುತ್ತಿತ್ತು. ತುದಿ ಹುಡುಕುವ ಕೆಲಸಕ್ಕೆ ಆತ ಬಣ್ಣ ಕೆರೆದು, ಸೀಮೆಎಣ್ಣೆ ಇಳಿಸಿ, ಒರೆಸಿ, ಚಾಕ್‌ಪೀಸ್ ಪುಡಿ ಬಳಿಯುವುದು ರೂಢಿ. ಬಿರುಕಿನೊಳಗೆ ಕೂತ ಎಣ್ಣೆ ಹೊರಗೆ ಒಸರಿ ಬಿಳಿಯ ಮೇಲೆ ಗೆರೆ ಮೂಡಿಸುತ್ತದೆ. ಅವತ್ತು ಚೀಲದಲ್ಲಿ ಚಾಕ್‌ಪೀಸ್ ಇರಲಿಲ್ಲ. ಅಯ್ಯೋ, ಇಷ್ಟು ನಿಚ್ಚಳವಾಗಿರುವುದಕ್ಕೆ ಅದೆಲ್ಲ ಯಾಕೆ ಎಂದುಕೊಂಡು ಗೀಟು ಮುಗಿದ ಕಡೆ ತೂತು ಕೊರೆದ, ಒಳಮಗ್ಗುಲಿಗೆ ಕಬ್ಬಿಣದ ಪಟ್ಟಿ ಕೂರಿಸಿ ಬೋಲ್ಟು ಬಿಗಿದ, ಕಾಫಿ ಕುಡಿದು ಬಂದ.

ಶನಿವಾರ ಫೋನು. "ಸಾಬ್ರೇ, ನಿಮ್ ತೂತು ದಾಟ್ಕಂಡು ಎಲ್ಡು ಬೆಳ್ಳು ಮುಂದಕ್ಕೆ ಬಂದದೆ ಕಣ್ರೀ!"

ಇಪ್ಪತ್ತು ವರ್ಷದಲ್ಲಿ ಆತನ ತೂತನ್ನು ಯಾವ ಬಿರುಕೂ ದಾಟಿರಲಿಲ್ಲ. ರಾತ್ರಿ ತಟ್ಟೆಯ ಮುಂದೆ ಕೂತವನು ಅನ್ನದಲ್ಲಿ ಬೆರಳಿನಿಂದ ಗೀಟು ಎಳೆಯುತ್ತಿದ್ದ. ಆಸ್ಮಾ ಮೆಲ್ಲಗೆ, "ಅಬ್ಬಾ, ಬಣ್ಣ ಕೆರೆದು ನೋಡಿದ್ರಾ?" ಎಂದಳು.

"ನನಗೇ ಹೇಳಿಕೊಡೋಕೆ ಬಂದ್ಯಾ?" ಎಂದು ಗದರಿದವನು, ಕೈ ತೊಳೆದು ಬಂದು, "ಬೆಳಗ್ಗೆ ರೆಡಿಯಾಗಿರು, ನೀನೂ ಬಾ" ಎಂದ.

ಭಾನುವಾರ ಅಪ್ಪ ಮಗಳು ಕೂತು ಆರು ವರ್ಷದ ಹಸಿರನ್ನು ಪದರ ಪದರವಾಗಿ ಕೆರೆದರು. ಸೀಮೆಎಣ್ಣೆ ಇಳಿಸಿ ಒರೆಸಿದ್ದೂ ಆಯಿತು. ಚೀಲ ತೆಗೆದರೆ ಅವತ್ತೂ ಚಾಕ್‌ಪೀಸ್ ಇಲ್ಲ! ಗಡಿಬಿಡಿಯಲ್ಲಿ ಪೊಟ್ಟಣ ಶೆಡ್ಡಿನಲ್ಲೇ ಉಳಿದಿತ್ತು. ಆತ ತಲೆ ಚಚ್ಚಿಕೊಳ್ಳುತ್ತಿದ್ದರೆ ಪುಟ್ಟಗಂಗಮ್ಮ ಒಳಗಿನಿಂದ ಒಂದು ವಿಭೂತಿ ಗಟ್ಟಿ ತಂದರು.

"ಇದಾಯ್ತದಾ ನೋಡಿ."

"ದೇವರ್ದು ಅಕ್ಕಾ ಇದು, ಕಬ್ಬಿಣಕ್ಕೆ ಹೆಂಗೆ ಬಳೀಲಿ?"

"ಹಬ್ಬದ ದಿವ್ಸ ಇದೇ ಮಿಷನ್ನಿಗೆ ಮೂರು ಪಟ್ಟೆ ಎಳೀತೀನಿ. ಇವತ್ತು ನೀವು ಮೈ ತುಂಬ ಬಳೀರಿ ಬುಡಿ!"

ವಿಭೂತಿ ಪುಡಿ ಮಾಡಿ ಬಳಿದು ಮೂವರೂ ಕಣ್ಣು ಮಿಟುಕಿಸದೆ ಕಾದರು. ಕೂದಲೆಳೆಯಂಥ ಕಪ್ಪು ಗೆರೆಯೊಂದು ಬಿಳಿಯಲ್ಲಿ ಮೂಡುತ್ತ ಹೋಯಿತು. ಅದು ಮೊದಲ ತೂತನ್ನು ದಾಟಿತು, ಬಣ್ಣದ ಮೇಲೆ ಕಂಡಿದ್ದ ಎರಡು ಬೆರಳನ್ನೂ ದಾಟಿ, ಇನ್ನೂ ಒಂದು ಹೆಬ್ಬೆರಳಿನಷ್ಟು ಆಚೆ ಹೋಗಿ ನಿಂತಿತು. ದಪ್ಪ ಬಣ್ಣದಡಿ ಕಳ್ಳ ಅಷ್ಟು ದೂರ ಹೋಗಿ ಕೂತಿದ್ದ.

"ತಪ್ಪು ನಂದೇ ಅಕ್ಕಾ" ಎಂದ ಮನ್ಸೂರ್ ಅಲಿ. "ಬಣ್ಣ ಹೇಳಿದ್ದು ನಂಬಿದೆ, ಕಬ್ಬಿಣನ ಕೇಳಲೇ ಇಲ್ಲ." ಹಾಗಂದು ಡ್ರಿಲ್ಲನ್ನು ಆಸ್ಮಾಳ ಕೈಗಿಟ್ಟ. "ಕೇಳು ಅಂದೋಳು ನೀನು. ನೀನೇ ಕೊರಿ."

ಅವಳು ತುದಿಗೆ ಗುರುತು ಹೊಡೆದು, ತುಟಿ ಕಚ್ಚಿ ಕೊರೆದಳು. ಅಪ್ಪ ಉದ್ದನೆಯ ಹೊಸ ಪಟ್ಟಿ ಬಿಗಿದ. ಗಿರಣಿ ಹೊರಟಿತು, ರಾಗಿ ಬಿತ್ತು, ಹಿಟ್ಟು ಬೆಚ್ಚಗೆ ಸುರಿಯಿತು. ಪುಟ್ಟಗಂಗಮ್ಮ ಬೊಗಸೆಗೆ ತುಂಬಿಕೊಂಡು ನಕ್ಕ ನಗೆಗೆ ಹಿಟ್ಟು ಹಾರಿ ಮೂವರ ಮುಖಕ್ಕೂ ಮೆತ್ತಿತು. ಮಾರನೆಯ ದಿನ ಗುಜರಿಯವನು ಬಂದು ನೋಡಿ, ಸುಮ್ಮನೆ ಯಾಕೆ ಹೋಗಲಿ ಎಂದು, ತನ್ನ ಮನೆಗೂ ಹತ್ತು ಸೇರು ರಾಗಿ ಬೀಸಿಸಿಕೊಂಡು ಹೋದ.

ಅಲ್ಲಿಂದ ಮುಂದೆ ವರ್ಷಕ್ಕೊಮ್ಮೆ ದಸರಾ ಮುಗಿದ ಮೇಲೆ ಮನ್ಸೂರ್ ಅಲಿ ಸೀಮೆಎಣ್ಣೆ ಹಿಡಿದು ಸಿ.ಎಸ್. ಪುರಕ್ಕೆ ಹೋಗುವುದು, ಪುಟ್ಟಗಂಗಮ್ಮ ವಿಭೂತಿ ಗಟ್ಟಿ ತಂದಿಡುವುದು ಪದ್ಧತಿಯಾಯಿತು. ಚಾಕ್‌ಪೀಸ್ ಚೀಲದಲ್ಲಿದ್ದರೂ ಆತ ಹೊರಗೆ ತೆಗೆಯುತ್ತಿರಲಿಲ್ಲ. ೨೦೦೬ರಲ್ಲಿ ಹೋದಾಗ ಜೊತೆಗೆ ಆಸ್ಮಾಳೂ ಇದ್ದಳು. ಅಷ್ಟು ಹೊತ್ತಿಗೆ ಅವಳು ಫ್ಯಾಕ್ಟರಿಯೊಂದರಲ್ಲಿ ಬಂದ ಮಾಲನ್ನೆಲ್ಲ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಅಣ್ಣ ಹೊನ್ನಯ್ಯ ಕುಣಿಗಲ್ಲಿನಿಂದ ತಂಗಿಯ ಮನೆಗೆ ಬಂದು ತಿಂಗಳಾಗಿತ್ತು. ಊಟ ರುಚಿಯಾಗಿತ್ತೋ ಏನೋ, ವಾಪಸ್ಸು ಹೋಗುವ ಮಾತೇ ಆಡುತ್ತಿರಲಿಲ್ಲ. ಗಿರಣಿ ಹೊಸ ಬಣ್ಣದಲ್ಲಿ ಹಸಿರಾಗಿ ಮಿನುಗುತ್ತಿತ್ತು. ಬಿರುಕಿನ ಸುತ್ತ ಅಂಗೈ ಅಗಲ ಮಾತ್ರ ಬಣ್ಣವಿಲ್ಲದೆ, ಎಣ್ಣೆ ತಿಕ್ಕಿದ ಬರೀ ಕಬ್ಬಿಣ.

ವಿಭೂತಿ ಬಳಿದಾಯಿತು. ಗೆರೆ ಮೂಡಿ ಬಂತು, ಆಸ್ಮಾ ಕೊರೆದ ತೂತಿನ ತನಕ ಬಂದು ಅಲ್ಲಿಗೇ ನಿಂತಿತು. ಮನ್ಸೂರ್ ಅಲಿ ಬಾಯಿ ತೆರೆಯುವ ಮೊದಲೇ ಪುಟ್ಟಗಂಗಮ್ಮ ಸೊಂಟಕ್ಕೆ ಕೈಕೊಟ್ಟು ಅಣ್ಣನ ಕಡೆ ತಿರುಗಿದರು.

"ಅಣ್ಣಾ, ಗುಜರಿಯೋನಿಗೆ ಹೇಳ್ಕಳಿಸು. ಈ ವರ್ಷಾನೂ ಇಲ್ಲ ಅಂತ."